ಮಂಗನ ಕಾಯಿಲೆಗೆ ಲಸಿಕೆ ಎಲ್ಲಿ?

ಕೊರೊನಾ ವೈರಾಣುವಿನ ಜೀನೋಮ್ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 2020ರ ಜನವರಿಯಲ್ಲಿ. ಅದೇ ಡಿಸೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಲಸಿಕೆ ಹಾಕೋಕೆ ಶುರು ಮಾಡಿದ್ರು. ಒಂದು ವರ್ಷವೂ ಹಿಡಿಯಲಿಲ್ಲ.

ಈಗ ನಮ್ಮ ಸೊರಬಕ್ಕೆ ಬನ್ನಿ. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನ ಜ್ವರದಿಂದ ಮಲಗಿದ್ದು 1957ರಲ್ಲಿ. ವೈರಾಣು ಸಿಕ್ಕಿತು. ಹರಡುವುದು ಉಣುಗು ಅಂತಲೂ ಗೊತ್ತಾಯ್ತು. ಔಷಧಿ? ಇದಕ್ಕೆಂದೇ ಇರುವ ಒಂದು ಮಾತ್ರೆ ಇವತ್ತಿಗೂ ಇಲ್ಲ! ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯಲ್ಲ.

ಲಸಿಕೆ ಇರಲಿಲ್ವಾ? ಇತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಬೂಸ್ಟರ್. ಚುಚ್ಚಿದ ಜಾಗದಲ್ಲಿ ವಿಪರೀತ ನೋವು. ಕಾಡಿಗೆ ಹೋಗಿ ಸೌದೆ, ತರಗೆಲೆ ತರುವ ಹೆಣ್ಣುಮಗಳು ಕೂಲಿ ಬಿಟ್ಟು ಎಷ್ಟು ಸಲ ಬರ್ತಾಳೆ, ಹೇಳಿ? ಹಾಕಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬಂತು. ಪರಿಣಾಮ ಸಾಲದು ಅಂತ ಕೊನೆಗೆ ಅದನ್ನೇ ನಿಲ್ಲಿಸಿದರು.

ದೊಡ್ಡ ಔಷಧ ಕಂಪನಿಗಳನ್ನು ಬೈದು ಪ್ರಯೋಜನವಿಲ್ಲ. ಘಟ್ಟದ ಸಾಲಿನ ಕೆಲವೇ ಜಿಲ್ಲೆಗಳ ಬಡವರ ಕಾಯಿಲೆ ಅವರಿಗೆ ಮಾರುಕಟ್ಟೆಯೇ ಅಲ್ಲ. ಇದು ಸರ್ಕಾರವೇ ಮಾಡಬೇಕಾದ ಕೆಲಸ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಗೆ ಕೈಹಾಕಿವೆ. ಸಂತೋಷ. ಆದರೆ ಅರವತ್ತು ವರ್ಷ ದಾಟಿದ ಮೇಲೆ!

ಮಲೆನಾಡಿನ ವೀಕ್ಷಕರಿಗೆ ಒಂದು ಮಾತು: ಲಸಿಕೆ ಬರೋವರೆಗೂ ಡೇಪಾ ತೈಲ ಹಚ್ಚಿಕೊಳ್ಳದೆ ಕಾಡಿಗೆ ಹೋಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.