ದಿನಚರಿಯಲ್ಲಿ ಇಲ್ಲದ ಪ್ರಶ್ನೆ

(ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕ್ರೈಸ್ತ ಬೋಧನೆಯ ಬೆಳಕಿನಲ್ಲಿ ಆತ್ಮಪರೀಕ್ಷೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ನಾನು ಧರ್ಮಶಾಸ್ತ್ರ ಓದಿದವನಲ್ಲ, ಪತ್ರಿಕೆಯೊಂದರ ವರದಿಗಾರ. ಆದ್ದರಿಂದ ಉಪದೇಶಕ್ಕೆ ಕೈಹಾಕದೆ, ನಡೆದುಹೋದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಮೂಲದ ಮಾತು. ಸಂತ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ (ಇಲ್ಲಿ ಪತ್ರಿಕೆ ಎಂದರೆ ಕಾಗದ, ನಮ್ಮಂಥ ಪತ್ರಿಕೆಯಲ್ಲ) ಒಂದು ಸೂಚನೆ ಕೊಡುತ್ತಾನೆ. ಪ್ರಭುವಿನ ಭೋಜನದ ರೊಟ್ಟಿ ತಿನ್ನುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು ಎಂಬುದು ಅದರ ಸಾರ. ಕ್ರೈಸ್ತರ ಆತ್ಮಪರೀಕ್ಷೆಯ ಪರಂಪರೆಗೆ ಈ ಮಾತು ದೊಡ್ಡ ಆಧಾರ. ಆದರೆ ಅದು ಬರುವ 11ನೇ ಅಧ್ಯಾಯವನ್ನು ಸ್ವಲ್ಪ ಹಿಂದಿನಿಂದ ಓದಿಕೊಂಡು ಬಂದರೆ ಒಂದು ಸ್ವಾರಸ್ಯ ಕಾಣುತ್ತದೆ. ಅಲ್ಲಿ ಪೌಲ ಜಗಳಕ್ಕೆ ನಿಂತಿದ್ದಾನೆ. ಸಭೆ ಸೇರಿದಾಗ ಉಳ್ಳವರು ತಮ್ಮ ಊಟ ತಾವು ಮೊದಲೇ ಮುಗಿಸುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಇಲ್ಲದವರನ್ನು ಹೀಗೆ ನಾಚಿಸುತ್ತೀರಾ ಎಂದು ಗದರಿಸಿದ ಮೇಲೆಯೇ ಅವನು ಪರೀಕ್ಷೆಯ ಮಾತೆತ್ತುವುದು. ಎಂದರೆ, ನಿನ್ನ ಮನಸ್ಸಿನೊಳಗೆ ನೋಡಿಕೋ ಎನ್ನುವುದಕ್ಕೆ ಮುಂಚೆ ಪಕ್ಕದವನ ತಟ್ಟೆ ನೋಡು ಎಂದಂತಾಯಿತು.

ಕಾಲ ಸರಿದಂತೆ ಈ ಪರೀಕ್ಷೆ ಒಬ್ಬೊಬ್ಬರೇ ಕುಳಿತು ಮಾಡುವ ಸಾಧನೆಯಾಯಿತು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಷಿಯಸ್ ಕಾಲೇಜು ತೆರೆದ ಜೆಸ್ವಿಟ್ ಪಾದ್ರಿಗಳ ಮೂಲಪುರುಷ ಇಗ್ನೇಷಿಯಸ್ ಲೊಯೋಲ ಇದಕ್ಕೊಂದು ಕ್ರಮವನ್ನೇ ಹಾಕಿಕೊಟ್ಟ. 1548ರಲ್ಲಿ ಅಚ್ಚಾದ ಅವನ ಸಾಧನಾ ಪುಸ್ತಕದಲ್ಲಿ ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆಗಳಿವೆ. ತಿದ್ದಿಕೊಳ್ಳಬೇಕಾದ ಒಂದು ದೋಷವನ್ನು ಆರಿಸಿಕೊಂಡು, ಎಷ್ಟು ಸಲ ಎಡವಿದೆನೋ ಅಷ್ಟು ಚುಕ್ಕೆಗಳನ್ನು ಗೆರೆಯ ಮೇಲೆ ಇಡಬೇಕು. ಮಧ್ಯಾಹ್ನ ಒಂದು ಲೆಕ್ಕ, ರಾತ್ರಿ ಒಂದು ಲೆಕ್ಕ. ಇಂಗ್ಲೆಂಡಿನ ಪ್ರಾಟೆಸ್ಟೆಂಟರು ಗೆರೆಗಳ ಬದಲು ದಿನಚರಿ ಬರೆದರು. ಎರಡರ ಹಿಂದಿನ ಉದ್ದೇಶವೂ ಒಂದೇ.

ಈಗ ನನ್ನ ಸಂಗತಿಗೆ ಬರುತ್ತೇನೆ. ಜಗತ್ತಿನ ಎಷ್ಟೋ ಚರ್ಚುಗಳಲ್ಲಿ ಹಾಡುವ 'ಅಮೇಜಿಂಗ್ ಗ್ರೇಸ್' ಎಂಬ ಕೀರ್ತನೆಯನ್ನು ತಾವು ಕೇಳಿರಬಹುದು. ಅದನ್ನು ಬರೆದ ಜಾನ್ ನ್ಯೂಟನ್ ಗುಲಾಮರ ವ್ಯಾಪಾರಿಯಾಗಿದ್ದ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಬದುಕಿ ಬಂದು ಆ ಪಾಪದ ದಂಧೆ ಬಿಟ್ಟು ಹಾಡು ಬರೆದ ಎಂಬ ಕಥೆ ಪ್ರಚಾರದಲ್ಲಿದೆ. ಕಥೆ ಚೆನ್ನಾಗಿದೆ. ತಾರೀಖುಗಳು ಮಾತ್ರ ಅದಕ್ಕೆ ಒಪ್ಪುವುದಿಲ್ಲ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ಬಿರುಗಾಳಿ ಬೀಸಿದ್ದು 1748ರ ಮಾರ್ಚಿಯಲ್ಲಿ. ಆ ರಾತ್ರಿಯನ್ನು ಅವನು ಜೀವನಪೂರ್ತಿ ನೆನೆದ. ಆದರೆ ಗುಲಾಮರ ಹಡಗಿನ ಕಪ್ತಾನನಾದದ್ದು ಅದಾದ ಮೇಲೆ, 1750ರಲ್ಲಿ. 1754ರವರೆಗೆ ಮೂರು ಯಾನ ನಡೆಸಿದ. ಲಿವರ್‌ಪೂಲಿನಿಂದ ಹೊರಟು ಪಶ್ಚಿಮ ಆಫ್ರಿಕದ ತೀರದಲ್ಲಿ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂಡು, ಅಟ್ಲಾಂಟಿಕ್ ದಾಟಿಸಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಮಾರುವುದು ಕೆಲಸ. ಕೊನೆಗೆ ಕಡಲು ಬಿಟ್ಟದ್ದೂ ಮನಸ್ಸು ಒಪ್ಪದೆ ಅಲ್ಲ. 1754ರಲ್ಲಿ ಇದ್ದಕ್ಕಿದ್ದಂತೆ ಬಂದ ಒಂದು ಮೂರ್ಛೆಯಿಂದಾಗಿ ವೈದ್ಯರು ಬೇಡವೆಂದರು. ಆಮೇಲೆ ಲಿವರ್‌ಪೂಲಿನಲ್ಲಿ ಸುಂಕದ ಅಧಿಕಾರಿ. 1764ರಲ್ಲಿ ಓಲ್ನಿ ಎಂಬ ಊರಿನಲ್ಲಿ ಪಾದ್ರಿ. ಹಾಡು 1773ರ ಹೊಸವರ್ಷದ ದಿನದ ಪ್ರಾರ್ಥನೆಗಾಗಿ ಬರೆದದ್ದು. ಗುಲಾಮರ ವ್ಯಾಪಾರ ತಪ್ಪೆಂದು ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಆಗ ಅವನಿಗೆ ಅರವತ್ತು ದಾಟಿತ್ತು.

ಇವನನ್ನು ಕಪಟಿ ಎಂದು ತಳ್ಳಿಹಾಕಿದರೆ ಕೆಲಸ ಸುಲಭವಾಗುತ್ತದೆ. ಕಷ್ಟವಿರುವುದು ಇಲ್ಲಿ: ಅವನು ಕಪಟಿಯಾಗಿರಲಿಲ್ಲ. ಕಪ್ತಾನನಾಗಿದ್ದಾಗಲೇ, 1751ರ ಕೊನೆಯಲ್ಲಿ, ಆತ್ಮಪರೀಕ್ಷೆಗೆಂದು ಒಂದು ದಿನಚರಿ ಆರಂಭಿಸಿದ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದ್ದು, ಹೊತ್ತು ಹಾಳುಮಾಡಿದ್ದು, ಭಕ್ತಿ ತಣ್ಣಗಾದದ್ದು, ಇಂಥದ್ದನ್ನೆಲ್ಲ ಅದರಲ್ಲಿ ತನ್ನ ಮೇಲೆ ತಾನೇ ಆರೋಪ ಹೊರಿಸಿ ಬರೆದುಕೊಂಡ. ಭಾನುವಾರ ಎರಡು ಸಲ ನಾವಿಕರನ್ನು ಸೇರಿಸಿ ತಾನೇ ಪ್ರಾರ್ಥನೆ ನಡೆಸುತ್ತಿದ್ದ.

ಅದೇ ಕೈ ಇನ್ನೊಂದು ಪುಸ್ತಕವನ್ನೂ ಬರೆಯುತ್ತಿತ್ತು. ಅದು ಹಡಗಿನ ದಾಖಲೆ. ಗಾಳಿಯ ದಿಕ್ಕು, ಕೊಂಡ ಜನರ ಸಂಖ್ಯೆ, ಸತ್ತವರ ಸಂಖ್ಯೆ ಅದರಲ್ಲಿದೆ. ಸತ್ತವರಿಗೆ ಹೆಸರಿಲ್ಲ, ಅಂಕಿ ಇದೆ. 1752ರ ಡಿಸೆಂಬರಿನಲ್ಲಿ ಗುಲಾಮರು ದಂಗೆಗೆ ಸಿದ್ಧರಾಗುತ್ತಿದ್ದುದು ಬಯಲಾಯಿತು. ಅವರಿಗೆ ಚಾಕು, ಕಲ್ಲು, ಉಳಿ ತಲುಪಿಸಿದವರು ನಾಲ್ವರು ಹುಡುಗರು. ಅವರಿಂದ ಪೂರ್ತಿ ತಪ್ಪೊಪ್ಪಿಗೆ ಹೊರಡಿಸಲೆಂದು ಬೇಡಿ ಹಾಕಿಸಿ, ಹೆಬ್ಬೆರಳು ಹಿಂಡುವ ತಿರುಪು ಯಂತ್ರಕ್ಕೆ ಕೊಡಿಸಿದ. ಸ್ವಲ್ಪ ಮಟ್ಟಿಗೆ ಮಾತ್ರ ಎಂದು ದಾಖಲೆಯಲ್ಲಿ ಸೇರಿಸಿದ್ದಾನೆ. ದಿನಚರಿ ಇಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದೆ, ಹಡಗಿನ ದಾಖಲೆ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿದೆ. ಬರೆಯುವಾಗ ಎರಡೂ ಒಂದೇ ಕೋಣೆಯಲ್ಲಿದ್ದವು.

ನ್ಯೂಟನ್ನನಿಗೆ ಏನೂ ಅನ್ನಿಸಲಿಲ್ಲ ಎಂದರೆ ಅನ್ಯಾಯವಾದೀತು. 1764ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಾನೊಬ್ಬ ಜೈಲರನಂತೆ ಇದ್ದೆ, ಸರಪಳಿ ಬೀಗಗಳ ಸಹವಾಸ ಆಗಾಗ ಬೇಸರ ತರಿಸುತ್ತಿತ್ತು, ಇನ್ನೂ ದಯೆಯುಳ್ಳ ಉದ್ಯೋಗ ಕೊಡೆಂದು ಪ್ರಾರ್ಥಿಸುತ್ತಿದ್ದೆ ಎಂದಿದ್ದಾನೆ. ಗಮನಿಸಿ, ಅವನ ಸಂಕಟ ತನ್ನ ಉದ್ಯೋಗದ ಬಗ್ಗೆ. ಸರಪಳಿಯ ಇನ್ನೊಂದು ತುದಿಯಲ್ಲಿ ಇದ್ದವರ ಬಗ್ಗೆ ಅಲ್ಲ. ಈ ವ್ಯಾಪಾರ ನ್ಯಾಯವೇ ಎಂಬ ಅನುಮಾನ ಆಗ ತನಗೆ ಬರಲೇ ಇಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಸುತ್ತಲಿನ ರೂಢಿ, ದೊಡ್ಡವರ ಮೇಲ್ಪಂಕ್ತಿ, ಕೈಗೆ ಬರುವ ಲಾಭ ಇವೇ ಕಣ್ಣು ಕಟ್ಟಿದವು ಎಂಬುದು ಅವನು ಮುಂದೆ ಕೊಟ್ಟ ವಿವರಣೆ.

ನಮ್ಮ ವೃತ್ತಿಯಲ್ಲಿ ಒಂದು ಸಣ್ಣ ಸತ್ಯವಿದೆ. ಕೇಳದ ಪ್ರಶ್ನೆಗೆ ಉತ್ತರ ವರದಿಯಲ್ಲಿ ಬರುವುದಿಲ್ಲ. ಅಂತಃಸಾಕ್ಷಿಯೂ ಸುಮಾರಾಗಿ ವರದಿಗಾರನ ಹಾಗೆಯೇ ಕೆಲಸ ಮಾಡುತ್ತದೆ ಎಂದು ನನಗೆ ಅನಿಸುತ್ತದೆ. ನ್ಯೂಟನ್ನನ ಪ್ರಶ್ನೆಪಟ್ಟಿ ಪ್ರಾಮಾಣಿಕವಾಗಿತ್ತು, ಉತ್ತರಗಳೂ ಪ್ರಾಮಾಣಿಕವಾಗಿದ್ದವು. ಹಡಗಿನ ಕೆಳ ಅಂತಸ್ತಿನಲ್ಲಿ ಏನಿದೆ ಎಂಬ ಪ್ರಶ್ನೆ ಮಾತ್ರ ಪಟ್ಟಿಯಲ್ಲಿರಲಿಲ್ಲ.

ಹಾಗಾದರೆ ಆ ಕಾಲದಲ್ಲಿ ಯಾರಿಗೂ ಕಾಣುತ್ತಿರಲಿಲ್ಲವೇ? ಕಾಲವೇ ಹಾಗಿತ್ತು ಎಂದು ನಾವು ಹೇಳಿಬಿಡುವುದುಂಟು. ಅದೇ ಕಾಲದ ಇನ್ನೊಬ್ಬನನ್ನು ನೋಡಿ. ಜಾನ್ ವುಲ್‌ಮನ್, ನ್ಯೂಟನ್ನನಿಗಿಂತ ಐದು ವರ್ಷ ಹಿರಿಯ. ಅಮೆರಿಕದ ನ್ಯೂಜೆರ್ಸಿಯವನು, ಕ್ವೇಕರ್ ಪಂಥದ ಕ್ರೈಸ್ತ, ಅಂಗಡಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದಲ್ಲಿ ಒಂದು ದಿನ ಅವನ ಯಜಮಾನ ತಾನು ಮಾರಿದ ಒಬ್ಬ ಕಪ್ಪು ಹೆಂಗಸಿನ ಕ್ರಯಪತ್ರ ಬರೆಯಲು ಹೇಳಿದ. ಕೊಳ್ಳುವವನು ಅಲ್ಲೇ ಕಾದಿದ್ದ, ಅವನೂ ಕ್ವೇಕರನೇ, ವಯಸ್ಸಾದವನು. ವುಲ್‌ಮನ್ ಬರೆದುಕೊಟ್ಟ. ಆದರೆ ಮನಸ್ಸು ಕುದಿಯಿತು. ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲವೆಂದು ಇಬ್ಬರ ಮುಂದೆಯೂ ಹೇಳಿದ. ಸ್ವಲ್ಪ ಕಾಲದ ನಂತರ ಇನ್ನೊಬ್ಬ ಅಂಥದೇ ಪತ್ರ ಬರೆಸಲು ಬಂದಾಗ ಒಲ್ಲೆ ಎಂದ.

ಅಲ್ಲಿಂದ ಮುಂದೆ ವುಲ್‌ಮನ್ನನ ಆತ್ಮಪರೀಕ್ಷೆ ಹಿಡಿದ ದಾರಿ ವಿಚಿತ್ರವೆನಿಸುವಷ್ಟು ನೇರ. ತಾನು ತಿನ್ನುವ ಸಕ್ಕರೆ ಯಾರ ದುಡಿಮೆಯಿಂದ ಬಂತು? ಉತ್ತರ ತಿಳಿದ ಮೇಲೆ ಸಕ್ಕರೆ ಬಿಟ್ಟ. ಗುಲಾಮರಿದ್ದ ಮನೆಯಲ್ಲಿ ಉಳಿದುಕೊಂಡರೆ, ತನಗೆ ಸೇವೆ ಮಾಡಿದ ಗುಲಾಮರಿಗೆ ಹೊರಡುವಾಗ ಹಣ ಕೊಡುತ್ತಿದ್ದ. ಆತಿಥ್ಯ ಕೊಟ್ಟವರಿಗೆ ಇದು ಎಷ್ಟು ಮುಜುಗರವಾಗಿರಬೇಕು, ಊಹಿಸಿಕೊಳ್ಳಿ! ಬೈಗುಳ ಒಂದೂ ಇಲ್ಲ, ಕೈಯಲ್ಲಿ ನಾಲ್ಕು ನಾಣ್ಯ. ಗುಲಾಮಗಿರಿಯ ವಿರುದ್ಧ ಅವನ ಮೊದಲ ಪ್ರಬಂಧ ಫಿಲಡೆಲ್ಫಿಯದಲ್ಲಿ ಅಚ್ಚಾದದ್ದು 1754ರಲ್ಲಿ. ನ್ಯೂಟನ್ ಮೂರನೆಯ ಯಾನ ಮುಗಿಸಿದ ವರ್ಷವೇ ಅದು.

ಇಬ್ಬರೂ ಒಂದೇ ಬೈಬಲ್ ಓದಿದವರು. ವ್ಯತ್ಯಾಸ ಎಲ್ಲಿ? ವುಲ್‌ಮನ್ ಹೆಚ್ಚು ಒಳ್ಳೆಯವನಾಗಿದ್ದ ಎಂದರೆ ಅದು ಉತ್ತರವಾಗದು. ಮೊದಲ ಕ್ರಯಪತ್ರವನ್ನು ಅವನೂ ಬರೆದೇ ಬರೆದ. ಕ್ವೇಕರರಲ್ಲೂ ಗುಲಾಮರನ್ನು ಇಟ್ಟುಕೊಂಡವರು ಬೇಕಾದಷ್ಟಿದ್ದರು. ಆದರೆ ಅವರ ಪಂಥದಲ್ಲಿ ಒಂದು ಪದ್ಧತಿಯಿತ್ತು. ಸದಸ್ಯರ ನಡತೆಯ ಬಗ್ಗೆ ಗೊತ್ತಾದ ಕೆಲವು ಪ್ರಶ್ನೆಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು, ಸಭೆ ಉತ್ತರಿಸಬೇಕಿತ್ತು. ಗುಲಾಮರನ್ನು ಕೊಳ್ಳುವ ಪ್ರಶ್ನೆಯೂ ಅವುಗಳಲ್ಲಿ ಸೇರಿತು. ಒಬ್ಬನೇ ಕುಳಿತಾಗ ಬಿಟ್ಟುಹೋಗುವ ಪ್ರಶ್ನೆಯನ್ನು ಪಕ್ಕದವನು ಕೇಳಬಲ್ಲ. ಫಿಲಡೆಲ್ಫಿಯದ ಕ್ವೇಕರ್ ವಾರ್ಷಿಕ ಸಭೆ 1776ರಲ್ಲಿ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವಂತೆಯೇ ಇಲ್ಲ ಎಂದಿತು. ವುಲ್‌ಮನ್ ಆಗ ಇರಲಿಲ್ಲ. 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡಿದ್ದ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವೊಂದಿದೆ. ಹಸಿದವನಿಗೆ ಊಟವಿಕ್ಕದವರು, ಸೆರೆಯಲ್ಲಿದ್ದವನನ್ನು ನೋಡಲು ಹೋಗದವರು ಅಲ್ಲಿ ತಪ್ಪಿತಸ್ಥರಾಗಿ ನಿಲ್ಲುತ್ತಾರೆ. ಅವರ ಆಶ್ಚರ್ಯ ನಟನೆಯಲ್ಲ. ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ಅವರು ನಿಜವಾಗಿಯೂ ಕಂಡಿರಲಿಲ್ಲ. ಅಲ್ಲಿ ಅವರ ಮೇಲಿನ ಆರೋಪವೇ ಅದು. ಕೊರಿಂಥದ ಊಟದ ಪಂಕ್ತಿಗೂ ಈ ಚಿತ್ರಕ್ಕೂ ಇರುವ ನಂಟು ದೂರದ್ದಲ್ಲ.

ನ್ಯೂಟನ್ನನ ಕಡೆಗೂ ಹೊರಗಿನಿಂದಲೇ ಪ್ರಶ್ನೆ ಬಂತು. 1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಯುವ ಸಂಸತ್ ಸದಸ್ಯ ಗುಟ್ಟಾಗಿ ಅವನ ಸಲಹೆ ಕೇಳಲು ಬಂದ. ಧರ್ಮಕ್ಕಾಗಿ ರಾಜಕೀಯ ಬಿಡಬೇಕೆ ಎಂಬ ಹೊಯ್ದಾಟದಲ್ಲಿದ್ದ ಅವನಿಗೆ, ಬಿಡಬೇಡ ಎಂದು ನ್ಯೂಟನ್ ಹೇಳಿದ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹನ್ನೆರಡು ಜನರ ಸಮಿತಿ ಹುಟ್ಟಿತು. ಅವರಲ್ಲಿ ಒಂಬತ್ತು ಮಂದಿ ಕ್ವೇಕರರು. ಮರುವರ್ಷ ನ್ಯೂಟನ್ ತನ್ನ ಕಿರುಹೊತ್ತಗೆ ಬರೆದ. ತನ್ನ ತಪ್ಪೊಪ್ಪಿಗೆ ತಡವಾಯಿತೆಂದೂ, ಈಗ ನೆನೆದರೆ ಎದೆ ನಡುಗುವ ವ್ಯವಹಾರಕ್ಕೆ ತಾನೇ ಕೈಯಾಗಿದ್ದೆನೆಂದೂ ಅದರಲ್ಲಿ ಒಪ್ಪಿಕೊಂಡ. ಅದೇ ವರ್ಷ ಪ್ರಿವಿ ಕೌನ್ಸಿಲಿನ ಮುಂದೆ, 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. ವ್ಯಾಪಾರವನ್ನು ನಿಷೇಧಿಸಿದ ಕಾಯಿದೆ 1807ರ ಮಾರ್ಚಿಯಲ್ಲಿ ಆಯಿತು. ಆ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಕಿರುಹೊತ್ತಗೆಯಲ್ಲಿ ಭಕ್ತಿಯ ಮಾತು ಕಡಿಮೆ, ಸಾಕ್ಷಿಯ ಮಾತು ಹೆಚ್ಚು. ಜನರನ್ನು ಕಪಾಟಿನಲ್ಲಿ ಪುಸ್ತಕ ಜೋಡಿಸುವಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದುದನ್ನು ಬರೆದಿದ್ದಾನೆ. ಹೆಬ್ಬೆರಳಿನ ಆ ಯಂತ್ರವೂ ಬರುತ್ತದೆ. ಗಂಟೆಗಟ್ಟಲೆ, ಬಹುಶಃ ದಿನಗಟ್ಟಲೆ ಜನ ಅದರಲ್ಲಿ ಸಿಕ್ಕಿ ನರಳಿದ್ದನ್ನು ಕಂಡಿದ್ದೇನೆ ಎನ್ನುತ್ತಾನೆ. ಅಂಥ ಅಪ್ಪಣೆಯನ್ನು ತಾನೂ ಕೊಟ್ಟಿದ್ದೆ ಎಂಬುದು ಆ ವಾಕ್ಯದಲ್ಲಿಲ್ಲ. ಅದು ಹಡಗಿನ ದಾಖಲೆಯಲ್ಲಿದೆ.