ರಕ್ತಕ್ಕೆ ಹೆಸರಿಟ್ಟವರು ಯಾರು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹೆಸರಿನ ತೂಕ ಎಷ್ಟು ಅನ್ನೋದನ್ನ ನಮ್ಮ ಮಂದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮಗ ಹೆಸರಿಟ್ಟವರು ಬ್ಯಾರೆಯವರು. ಅದಕ್ಕ ಇವತ್ತು ರಕ್ತಪೇಢಿಯೊಳಗಿನ ಹೆಸರುಗಳ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ಮೊದಲು ಆ ಮಾತೇ ತಗೊಳ್ರಿ. 1937ರಲ್ಲಿ ಅಮೆರಿಕದ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಡಾ. ಬರ್ನಾರ್ಡ್ ಫ್ಯಾಂಟಸ್ ಅವರು ರಕ್ತ ಕೂಡಿಡುವ ವ್ಯವಸ್ಥೆಗೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ರೊಕ್ಕ ಇಟ್ಟು ತೆಗೆದಂಗ ರಕ್ತ ಇಟ್ಟು ತೆಗೆಯೋದು. ಮರಾಠಿಯೊಳಗ ಅದು ‘ರಕ್ತಪೇಢಿ’ ಆಯ್ತು.

ಇನ್ನು ಪರೀಕ್ಷೆಯ ಹೆಸರು. ನೆಗೆಟಿವ್ ಗುಂಪಿನ ಬಸುರಿ ಹೆಣ್ಣುಮಕ್ಕಳಿಗೆ ಡಾಕ್ಟರು ‘ಐಸಿಟಿ’ ಬರೆದುಕೊಡ್ತಾರ. ಅದರ ಪೂರ್ತಿ ಹೆಸರು ‘ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್’. ತಾಯಿ ನೆಗೆಟಿವ್, ಕೂಸು ಪಾಸಿಟಿವ್ ಇದ್ದರೆ, ಕೂಸಿನ ಕೆಂಪುಕಣಗಳ ವಿರುದ್ಧ ತಾಯಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಬಹುದು. ಇವು ಕಣಕ್ಕೆ ಅಂಟಿಕೊಳ್ತಾವ, ಆದರೆ ಕಣಗಳನ್ನ ಗಂಟು ಕಟ್ಟಿಸೂದಿಲ್ಲ. ಹಿಂಗಾಗಿ ನೋಡುವವರಿಗೆ ಏನೂ ಕಾಣೂದಿಲ್ಲ. ಕೇಂಬ್ರಿಜ್‌ನಲ್ಲಿದ್ದ ರಾಬಿನ್ ಕೂಂಬ್ಸ್ ಮೂಲತಃ ದನದ ಡಾಕ್ಟರಕಿ ಕಲಿತವರು. ಮನುಷ್ಯರ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನ ಮೊಲದಲ್ಲಿ ತಯಾರಿಸಿ ಹಾಕಿದಾಗ, ಅದು ನಡುವೆ ಸೇತುವೆಯಾಗಿ ಕಣಗಳು ಗಂಟುಗಟ್ಟಿದವು. ಕಾಣದ್ದು ಕಂಡಿತು.

ಇದು 1945ರ ಮಾತು. ಆ ಲೇಖನ ಬರೆದವರು ಮೂವರು: ಕೂಂಬ್ಸ್, ಮೂರಂಟ್, ರೇಸ್. ಇದೇ ತತ್ವವನ್ನ ಇಟಲಿಯ ಕಾರ್ಲೋ ಮೊರೆಸ್ಕಿ 1908ರಲ್ಲೇ ಬರೆದಿದ್ದರು. ಚೀಟಿ ಮ್ಯಾಲ ಉಳಿದದ್ದು ಒಂದೇ ಹೆಸರು. ಈಗ ಪುಸ್ತಕಗಳಲ್ಲಿ ‘ಆಂಟಿಗ್ಲೋಬ್ಯುಲಿನ್ ಟೆಸ್ಟ್’ ಅಂತ ಕೆಲಸದ ಹೆಸರನ್ನೂ ಬರೀತಾರ.

ಅಕ್ಕಂದಿರೇ, ಈ ಚೀಟಿ ಬರೆದುಕೊಟ್ಟರೆ ಬಿಡಬ್ಯಾಡ್ರಿ. ಕೂಸು ಪಾಸಿಟಿವ್ ಇದ್ದರೆ ಹೆರಿಗೆಯಾದ 72 ತಾಸಿನೊಳಗ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನ ಕೇಳ್ರಿ. ಅದು ಮುಂದಿನ ಕೂಸನ್ನ ಕಾಯ್ತದ.

ಎಲ್ಲ ಹೆಸರೂ ವಿಜ್ಞಾನಿಗಳದಲ್ಲ. 1946ರಲ್ಲಿ ಇದೇ ಪರೀಕ್ಷೆಯಿಂದ ಸಿಕ್ಕ ‘ಕೆಲ್’ ಗುಂಪಿಗೆ ಒಬ್ಬ ತಾಯಿಯ ಅಡ್ಡಹೆಸರಿನ ತುಣುಕು ಬಂತು. ಕಾಯಿಲೆ ಬಿದ್ದದ್ದು ಆಕೆಯ ಕೂಸು. 1950ರ ‘ಡಫಿ’ ಗುಂಪು, ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡ ಹಿಮೋಫಿಲಿಯಾ ರೋಗಿಯ ಹೆಸರು. ನೋವು ಉಂಡವರ ಹೆಸರೂ ಪುಸ್ತಕದಾಗ ಉಳಿದದ ಅನ್ನೋದು ನನಗ ಬಹಳ ದೊಡ್ಡ ಮಾತು ಅನ್ನಿಸ್ತದ.

ನಮ್ಮ ರಾಜ್ಯದ ಹೆಸರೂ ಅಲ್ಲಿ ಅದ. 1952ರಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ತಿಳಿಸಿದ ‘ಬಾಂಬೆ’ ಗುಂಪು. ಮೇಲ್ನೋಟಕ್ಕ ಅದು ‘ಓ’ ಅನ್ನಿಸ್ತದ, ಆದರೆ ಅವರಿಗೆ ‘ಓ’ ರಕ್ತವೂ ಸೇರೂದಿಲ್ಲ, ಬಾಂಬೆ ಗುಂಪಿನವರದೇ ಬೇಕು. ಊರು ಮುಂಬೈ ಆಯ್ತು, ರಕ್ತ ಬಾಂಬೆ ಆಗೇ ಉಳೀತು.

ಇನ್ನೊಂದು ಹೆಸರಿನ ಬಗ್ಗೆ ಹೇಳಲೇಬೇಕು. ‘ಬ್ಲಡ್ ಬ್ಯಾಂಕ್’ ಅಂದ ಅದೇ ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ಕಾಲಕ್ಕೆ ರೆಡ್ ಕ್ರಾಸ್ ಮೊದಲು ಕಪ್ಪು ಜನರ ರಕ್ತ ತಗೊಳ್ಳಲೇ ಇಲ್ಲ. ಆಮೇಲೆ ತಗೊಂಡರೂ ಬೇರೆ ಗುರುತು ಹಚ್ಚಿ ಬೇರೆ ಇಟ್ಟರು. 1950ರತನಕ ಹಿಂಗೇ ನಡೀತು. ಪ್ಲಾಸ್ಮಾ ಕೂಡಿಡುವ ಕೆಲಸಕ್ಕೆ ಮುಂದಾಳಾಗಿದ್ದ ಡಾ. ಚಾರ್ಲ್ಸ್ ಡ್ರೂ ಸ್ವತಃ ಕಪ್ಪು ಜನಾಂಗದವರು. ಇದಕ್ಕೆ ವಿಜ್ಞಾನದ ಆಧಾರವಿಲ್ಲ ಎಂದು ಅವರು ಬಹಿರಂಗವಾಗಿ ಹೇಳಿದರು.

ಕೆಲ್, ಡಫಿ, ಬಾಂಬೆ ಇವೆಲ್ಲ ಪರೀಕ್ಷೆಯಲ್ಲಿ ಕಂಡದ್ದಕ್ಕೆ ಇಟ್ಟ ಹೆಸರು. ಆ ಗುರುತಿನ ಚೀಟಿಗೆ ಮಾತ್ರ ಯಾವ ಪರೀಕ್ಷೆಯೂ ಇರಲಿಲ್ಲ. ಜಾತಿಯದೂ ಅಂಥದೇ ಚೀಟಿ.

ಗೆಳೆಯರೇ, ನಿಮ್ಮ ಗುಂಪು ತಿಳ್ಕೊಳ್ರಿ. 18 ತುಂಬಿದ, ಆರೋಗ್ಯ ಇರುವವರು ರಕ್ತ ಕೊಡ್ರಿ. ಆಸ್ಪತ್ರೆಯೊಳಗ ಯಾರಾದ್ರೂ “ಇದು ಯಾರ ರಕ್ತ?” ಅಂತ ಕೇಳಿದ್ರ, “ಕ್ರಾಸ್‌ಮ್ಯಾಚ್ ಆದ ರಕ್ತ” ಅಂತ ಹೇಳ್ರಿ. ಅದಕ್ಕಿಂತ ಹೆಚ್ಚಿನ ಹೆಸರು ಅದಕ್ಕ ಬೇಕಾಗಿಲ್ಲ.

ಜೈ ಭೀಮ್, ಜೈ ಸಂವಿಧಾನ.