ಎಷ್ಟು ದೂರಕ್ಕೆ ಗುರಿ?



ಸವಣೂರು, ಶಿಗ್ಗಾವಿ ಕಡೆಯ ಜೋಳದ ಹೊಲದಲ್ಲಿ ಮಂಚಿಕೆ ಮೇಲೆ ನಿಂತು ಹಕ್ಕಿ ಕಾಯ್ದವರು ನಿಮ್ಮಲ್ಲಿ ಅನೇಕರಿರಬಹುದು. ಕೈಯಲ್ಲಿ ಕವಣೆ, ಕಾಲಡಿಯಲ್ಲಿ ಕಲ್ಲಿನ ಗುಡ್ಡೆ. ಹಿಂಡು ಹತ್ತಿರದ ಸಾಲಿಗೆ ಇಳಿದರೆ ಕಲ್ಲು ನೇರ ಹೋಗುತ್ತಿತ್ತು. ಆಚೆ ಬದುವಿಗೆ ಇಳಿದರೆ ಕೈ ತಾನಾಗಿಯೇ ಮೇಲೇಳುತ್ತಿತ್ತು. ಎಸೆದದ್ದು ದಾರಿಯಲ್ಲೇ ಇಳಿಯುತ್ತದೆ, ದೂರ ತಿಳಿಯದೆ ಗುರಿಯಿಲ್ಲ ಎನ್ನುವುದು ತೋಳಿಗೆ ಗೊತ್ತಿತ್ತು. ಆ ತೋಳಿನ ಅರಿವು ಬಿಲ್ಲು, ತೋಪು, ಬಂದೂಕುಗಳನ್ನು ಹಾದು ದುರ್ಬೀನಿಗೂ ಕೆಂಪು ಚುಕ್ಕೆಗೂ ಹೇಗೆ ಬಂತು ಎಂಬುದನ್ನು ಇವತ್ತು ಹೇಳುತ್ತೇನೆ.

ಹಾನಗಲ್ಲನ್ನು ವಿರಾಟನಗರಿ ಎಂದು ನಮ್ಮ ಹಿರಿಯರು ನಂಬಿದ್ದಾರೆ. ಅರ್ಜುನ ಬನ್ನಿಮರದಿಂದ ಗಾಂಡೀವ ಇಳಿಸಿಕೊಂಡು ತುರು ಕಾಯ್ದ ಕತೆ ಇಲ್ಲಿಯವರಿಗೆ ಊರಿನ ಕತೆ. ಅದು ನಂಬಿಕೆ, ಶಾಸನ ಹೇಳುವುದು ಬೇರೆ ಕಾಳಗವನ್ನು. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಆನೆಕೆರೆಯ ಬಳಿ ಪಾಳೆಯ ಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಪಡೆ ಆ ಸಲ ಅವನನ್ನು ಹಿಮ್ಮೆಟ್ಟಿಸಿತು. ನಮ್ಮ ಸೀಮೆಯ ವೀರಗಲ್ಲುಗಳ ಮುಂದೆ ನಿಂತರೆ ಬಿಲ್ಲಾಳುಗಳು ಕಾಣುತ್ತಾರೆ. ಆ ಬಿಲ್ಲಿಗೆ ಗೆರೆಯಿಲ್ಲ, ಅಳತೆಯಿಲ್ಲ. ಅಭ್ಯಾಸವೇ ಅದರ ಮಾಪು.

ತೋಪು ಬಂದಾಗ ಲೆಕ್ಕ ಬೇಕಾಯಿತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾವ್ ಮತ್ತು ನಿಜಾಮ ಒಟ್ಟಾಗಿ ಸವಣೂರಿನ ಮೇಲೆ ಬಂದರು. ಜೊತೆಗೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಪಡೆ. ನವಾಬ ಸಂಧಿಗೆ ಒಪ್ಪಿ ಸೀಮೆಯ ದೊಡ್ಡ ಪಾಲನ್ನು ಬಿಟ್ಟುಕೊಡಬೇಕಾಯಿತು. ಕೋಟೆಗೋಡೆ ನಿಂತಲ್ಲೇ ನಿಲ್ಲುವ ಗುರಿ, ಒಂದು ಗುಂಡು ಮುಂದೆ ಬಿದ್ದರೆ ಮುಂದಿನದನ್ನು ತಿದ್ದಬಹುದು. ಆ ಕಾಲದ ಗೋಲಂದಾಜರಿಗೆ ಹೊಸ ಗಣಿತ ಕೊಟ್ಟವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಗುಂಡನ್ನು ಲೋಲಕಕ್ಕೆ ಹೊಡೆದು ಅದರ ವೇಗ ಅಳೆಯುವ ಬಗೆಯನ್ನು 1742ರ ತನ್ನ ಪುಸ್ತಕದಲ್ಲಿ ವಿವರಿಸಿದ. ಗಾಳಿ ಗುಂಡನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂದು ತೋರಿಸಿದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ನೋಡಿಕೊಳ್ಳಲೆಂದು ನಮ್ಮ ದೇಶಕ್ಕೆ ಬಂದು 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಈ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲದಿರುವುದು ನನಗೆ ನೋವಿನ ಸಂಗತಿ.

ಆಗಿನ ಸಿಪಾಯಿಯ ಬಂದೂಕಿಗೆ ಕಣ್ಣಿನ ಬದಿಯ ಗುರಿಪಟ್ಟಿಯೇ ಇರಲಿಲ್ಲ. ನಳಿಗೆಯೊಳಗೆ ಸುರುಳಿ ಗೀರು ಕೊರೆದ 1853ರ ಎನ್‌ಫೀಲ್ಡ್ ಬಂತು ನೋಡಿ, ಅದರ ಮೇಲೆ 900 ಗಜದವರೆಗೂ ಏರಿಸುವ ಪಟ್ಟಿಯಿತ್ತು. ಮೊದಲ ಬಾರಿಗೆ ಸಾಮಾನ್ಯ ಸಿಪಾಯಿಯೂ ದೂರವನ್ನು ಆರಿಸಿಕೊಳ್ಳಬೇಕಾಯಿತು. ಆ ರೈಫಲ್ಲಿನ ತೋಟಾದಿಂದ 1857ರಲ್ಲಿ ಸಿಪಾಯಿಗಳ ದಂಗೆ ಎದ್ದದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯ್ದೆಗೆ ಹಲಗಲಿಯ ಬೇಡರು ತಲೆಬಾಗಲಿಲ್ಲ.

ಈಗ ವಿಷಯದ ತಿರುಳಿಗೆ ಬರೋಣ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ 25 ಗಜದ ಹಲಗೆಗೆ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಐದು ಗುಂಡು ಹೊಡೆದಿದ್ದೆ. ಐದೂ ಒಂದು ಹಿಡಿಯೊಳಗೆ ಬಿದ್ದವು, ಆದರೆ ಎಲ್ಲವೂ ನಡುವಿನಿಂದ ಕೆಳಗೆ. ನಾನು ಮುಖ ಸಣ್ಣದು ಮಾಡಿಕೊಂಡೆ. ಹವಾಲ್ದಾರರು ಬೆನ್ನು ತಟ್ಟಿ, ಗುಂಪು ಕೂಡಿದೆ, ಇನ್ನು ಗುರಿ ಕೂಡಿಸುವುದು ಸುಲಭ ಎಂದರು. ರೈಫಲ್ ಬಳಸುವವರು ಇದನ್ನೇ ಜೀರೋ ಮಾಡುವುದು ಎನ್ನುತ್ತಾರೆ.

ಕಣ್ಣಿನ ನೋಟ ನೇರ, ಗುಂಡಿನ ದಾರಿ ಬಾಗು. ದುರ್ಬೀನು ನಳಿಗೆಯ ಮೇಲಿರುವುದರಿಂದ ಗುಂಡು ನೋಟದ ಗೆರೆಗಿಂತ ಕೆಳಗಿನಿಂದ ಹೊರಡುತ್ತದೆ. ನಳಿಗೆಯನ್ನು ಕೂದಲೆಳೆಯಷ್ಟು ಮೇಲ್ಮುಖ ಮಾಡಿರುತ್ತಾರೆ, ಹಾಗಾಗಿ ಗುಂಡು ಏರಿ ಗೆರೆಯನ್ನು ಒಮ್ಮೆ ದಾಟುತ್ತದೆ, ಮುಂದೆ ಇಳಿಯುವಾಗ ಇನ್ನೊಮ್ಮೆ. ಈ ಎರಡು ಸಂಧಿಗಳು ಎಲ್ಲಿರಬೇಕು ಎಂದು ನಿರ್ಧರಿಸುವುದೇ ದೂರದ ಆಯ್ಕೆ. ಈಗಿನ ಸೈನ್ಯಗಳ 5.56 ಮಿ.ಮೀ. ರೈಫಲ್ಲಿಗೆ ಗಾಜಿನಲ್ಲಿ ಕೆಂಪು ಚುಕ್ಕೆ ತೋರುವ ಗುರಿಸಾಧನ ಹಾಕಿ 50 ಮೀಟರಿಗೆ ಕೂಡಿಸಿದರೆ ಎರಡನೆಯ ಸಂಧಿ 200 ಮೀಟರಿನ ಆಸುಪಾಸು ಬರುತ್ತದೆ. ನಡುವೆ ಗುಂಡು ಗೆರೆಯಿಂದ ನಾಲ್ಕೈದು ಬೆರಳಗಲದಾಚೆ ಹೋಗುವುದಿಲ್ಲ. 25 ಮೀಟರಿಗೇ ಕೂಡಿಸಿದರೆ ನಡುದಾರಿಯಲ್ಲಿ ಗೇಣುದ್ದದ ಹತ್ತಿರ ಮೇಲೇರುತ್ತದೆ. ಇನ್ನೊಂದು ಲೆಕ್ಕ: 25 ಮೀಟರಿನಲ್ಲಿ 1 ಸೆಂ.ಮೀ. ತಪ್ಪಿದರೆ 200 ಮೀಟರಿನಲ್ಲಿ ಅದು 8 ಸೆಂ.ಮೀ. ಆದ್ದರಿಂದ ಹತ್ತಿರದಲ್ಲಿ ಮೊದಲು ಕೂಡಿಸಿ, ದೂರದಲ್ಲಿ ಹೊಡೆದು ಖಾತ್ರಿ ಮಾಡಿಕೊಳ್ಳಬೇಕು.

ರೈಫಲ್ ದುರ್ಬೀನನ್ನು ವ್ಯಾಪಾರದ ವಸ್ತುವಾಗಿ ಬೆಳೆಸಿದ ಮೊದಲಿಗರಲ್ಲಿ ಅಮೆರಿಕದ ವಿಲಿಯಂ ಮಾಲ್ಕಮ್ ಒಬ್ಬ, 1855ರ ಮಾತು. ಗಾಜಿನ ಮೇಲೆ ಚುಕ್ಕೆ ಮೂಡಿಸುವ ಯೋಚನೆ 1900ರಲ್ಲಿ ಡಬ್ಲಿನ್ನಿನ ಹವರ್ಡ್ ಗ್ರಬ್‌ನದು. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಅದನ್ನು ವಿದ್ಯುತ್ ದೀಪದಿಂದ ಸಾಧಿಸಿತು. ಅದು ಲೇಸರ್ ಅಲ್ಲ. ಬೆಳಕು ಗುರಿಯ ಮೇಲೆ ಬೀಳುವುದಿಲ್ಲ, ಗಾಜಿನಿಂದ ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಚುಕ್ಕೆಗೂ ಗಾತ್ರವಿದೆ: 2 ಕೋನನಿಮಿಷದ ಚುಕ್ಕೆ 100 ಮೀಟರಿನಲ್ಲಿ ಸುಮಾರು 6 ಸೆಂ.ಮೀ. ಜಾಗವನ್ನು ಮುಚ್ಚುತ್ತದೆ.

ದೂರದ ಆಸೆ ಇಳಿದ ಕತೆಯೂ ನಮ್ಮ ದೇಶದಲ್ಲೇ ಇದೆ. ಚುನಾವಣೆ ಬಂದೋಬಸ್ತಿಗೆ ಬರುತ್ತಿದ್ದ ಪೊಲೀಸರ ಹೆಗಲ ಮೇಲಿನ ತ್ರೀ ನಾಟ್ ತ್ರೀ ನೆನಪಿದೆಯಲ್ಲವೇ? ಅದೇ ಮನೆತನದ 7.62 ಮಿ.ಮೀ. ರೈಫಲ್ಲನ್ನು ಬಂಗಾಳದ ಇಷಾಪುರ ಕಾರ್ಖಾನೆ 1960ರ ದಶಕದಲ್ಲಿ ಮಾಡಿತು. 2ಎ ಎಂಬ ಮೊದಲ ಮಾದರಿಯ ಗುರಿಪಟ್ಟಿ 2000 ಮೀಟರಿನವರೆಗೆ ಗುರುತು ಹೊತ್ತಿತ್ತು. 2ಎ1 ಬಂದಾಗ ಅದನ್ನು 800ಕ್ಕೆ ಇಳಿಸಿದರು. ಬರಿಗಣ್ಣಿಗೆ ಒಬ್ಬ ಮನುಷ್ಯ ಸರಿಯಾಗಿ ಕಾಣದಷ್ಟು ದೂರದ ಗುರುತನ್ನು ಪಟ್ಟಿಯಿಂದ ತೆಗೆದ ಆ ಕೆಲಸವನ್ನು ನಾನು ತುಂಬ ಮೆಚ್ಚುತ್ತೇನೆ.

ಕೊನೆಗೆ ಹೊಲಕ್ಕೇ ಮರಳೋಣ. ಹಾನಗಲ್ಲ, ಹಿರೇಕೆರೂರ ಕಡೆ ಗೋವಿನಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಬರುತ್ತವೆ. ಬೆಳೆ ಕಾಯಲು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡುವ ಮಾತು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಪ್ರಾಣಿಯನ್ನು ಹೊಡೆಯಲು ಮಾತ್ರ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಆ ನಳಿಗೆಗೆ ದುರ್ಬೀನಿಲ್ಲ, ಚುಕ್ಕೆಯಿಲ್ಲ. ಬೆಳದಿಂಗಳಿದ್ದರೆ ಬದುವಿನವರೆಗೆ ಕಣ್ಣು ಹೋಗುತ್ತದೆ, ಇಲ್ಲದಿದ್ದರೆ ತೆನೆ ಮುರಿಯುವ ಸದ್ದೇ ಅಳತೆ. ರೈತ ನಳಿಗೆಯನ್ನು ಆಕಾಶಕ್ಕೆ ಎತ್ತಿ ಒಂದು ಈಡು ಹಾರಿಸುತ್ತಾನೆ. ಹಿಂಡು ಹಳ್ಳದ ಕಡೆ ಓಡುತ್ತದೆ. ಅವನು ಮಂಚಿಕೆ ಮೇಲೆ ಕಂಬಳಿ ಹೊದ್ದು ಮತ್ತೆ ಕೂರುತ್ತಾನೆ.